ಬರೆದದ್ದು ಹೋಯಿತು ಅನ್ನುವ ಮುನ್ನ

ವೆಬ್ ಪುಟ ತಿದ್ದುವ ಕೆಲಸ ಈಗ ಬೆಂಗಳೂರಿನ ಕಂಪನಿಗಳಲ್ಲಿ ಮಾತ್ರ ನಡೆಯುವಂಥದ್ದಲ್ಲ. ಸಿಂಧನೂರಿನ ಅಕ್ಕಿ ಗಿರಣಿಗೆ, ಲಿಂಗಸುಗೂರಿನ ಕಾಲೇಜಿಗೆ, ಮಸ್ಕಿಯ ಯುವಕ ಸಂಘಕ್ಕೆ ತಮ್ಮದೇ ಒಂದು ಪುಟ ಇರಬಹುದು. ಅದರಲ್ಲಿ ಬೆಲೆ ಬದಲಿಸಬೇಕು, ಪ್ರವೇಶದ ಪ್ರಕಟಣೆ ಹಾಕಬೇಕು, ಜಾತ್ರೆಯ ದಿನಾಂಕ ಸೇರಿಸಬೇಕು. ಇನ್ನು ಕನ್ನಡ ವಿಕಿಪೀಡಿಯವಂತೂ 2003ರಿಂದ ಇದೆ. ಮಸ್ಕಿಯ ಬಗ್ಗೆ ತಿಳಿದವರು ಊರಲ್ಲಿ ಕೂತೇ ಅದರಲ್ಲಿ ಬರೆಯಬಹುದು, ಇದ್ದ ತಪ್ಪನ್ನು ತಿದ್ದಬಹುದು. ಹೀಗೆ ಬರೆಯಲು ಕೂತವರ ಬಾಯಲ್ಲಿ ಒಂದಲ್ಲ ಒಂದು ದಿನ ಬರುವ ಮಾತು, "ಅಲ್ರೀ, ಬರದಿದ್ದೆಲ್ಲಾ ಹೋತಲ್ರೀ!" ಪಕ್ಕದವರ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: "ಸೇವ್ ಮಾಡಿದ್ದಿಲ್ಲೇನು? ಮತ್ತ ಹೋಗದ ಇನ್ನೇನಾಗ್ತದ?"

ಆ ಉತ್ತರದ ಮೇಲೆ ನನ್ನದೊಂದು ತಕರಾರಿದೆ. ಬರೆದದ್ದು ಕಾಣೆಯಾದ ಕೂಡಲೇ ನಾವು ಮೊದಲು ಬೆರಳು ತೋರಿಸುವುದು ಬರೆದವರ ಕಡೆಗೆ. ಕಚೇರಿಯಲ್ಲಾದರೆ ಕಂಪ್ಯೂಟರ್ ಆಪರೇಟರ್ ಕಡೆಗೆ, ಮನೆಯಲ್ಲಾದರೆ ಹುಡುಗನ ಕಡೆಗೆ. ಬೈದಾದ ಮೇಲೆ ಹುಡುಕುವವರು ಯಾರೂ ಇರುವುದಿಲ್ಲ. ಹುಡುಕಿದ್ದರೆ ಎಷ್ಟೋ ಸಲ ಆ ಬರಹ ಅಲ್ಲೇ ಸಿಗುತ್ತಿತ್ತು.

ಬರಹ ಯಾಕೆ ಅರ್ಧಕ್ಕೆ ನಿಂತಿತು ಎಂಬ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನ ಇರುವುದನ್ನು 1915ರಲ್ಲಿ ಲೋಕಕ್ಕೆ ತಿಳಿಸಿದವರು ಚಿನ್ನದ ಗಣಿಯ ಎಂಜಿನಿಯರ್ ಬೀಡನ್. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಆ ಶಾಸನವನ್ನು ನಿಜಾಮ್ ಸಂಸ್ಥಾನದ ಪುರಾತತ್ವ ಮಾಲಿಕೆಯಲ್ಲಿ ಪ್ರಕಟಿಸಿದರು. ಮಸ್ಕಿಯ ಶಾಸನ ನಮಗೆಲ್ಲ ಗೊತ್ತು. ಅದೇ ಅಶೋಕನ ಇನ್ನೊಂದು ಬರಹ ನಮ್ಮ ಕಲ್ಯಾಣ ಕರ್ನಾಟಕದಲ್ಲೇ, ಭೀಮಾ ನದಿಯ ದಂಡೆಯ ಸನ್ನತಿಯಲ್ಲಿದೆ. 1986ರಲ್ಲಿ ಅಲ್ಲಿನ ಚಂದ್ರಲಾ ಪರಮೇಶ್ವರಿ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ ಕುಸಿದಾಗ, ದೇವಿಯ ಪೀಠಕ್ಕೆ ಬಳಸಿದ್ದ ಕಲ್ಲಿನ ಮೇಲೆ ಅಕ್ಷರ ಕಂಡವು. ಅದರಲ್ಲಿ ಅಶೋಕನ ಹದಿನಾಲ್ಕನೆಯ ಬಂಡೆಶಾಸನದ ಭಾಗವೂ ಇತ್ತು.

ಆ ಹದಿನಾಲ್ಕನೆಯ ಶಾಸನದಲ್ಲಿ ರಾಜ ಒಂದು ವಿಚಿತ್ರವಾದ ಮಾತು ಹೇಳುತ್ತಾನೆ. ತನ್ನ ಬರಹ ಕೆಲವು ಕಡೆ ಅಪೂರ್ಣವಾಗಿರಬಹುದು ಎಂದು ಒಪ್ಪಿಕೊಂಡು, ಅದಕ್ಕೆ ಮೂರು ಕಾರಣ ಕೊಡುತ್ತಾನೆ. ಮೊದಲನೆಯದು ಬರೆಸಿದ ಸ್ಥಳ. ಎರಡನೆಯದು ಬೇರೆ ಯಾವುದೋ ಕಾರಣ. ಈ ನಡುವಿನ ಮಾತಿಗೆ ವಿದ್ವಾಂಸರು ಬೇರೆ ಬೇರೆ ಅರ್ಥ ಹೇಳುತ್ತಾರೆ. ಮೂರನೆಯದು ಲಿಪಿಕಾರನ ತಪ್ಪು. ಲಿಪಿಕಾರನನ್ನು ಕೊನೆಯಲ್ಲಿ ಇಟ್ಟದ್ದನ್ನು ಗಮನಿಸಿ. ಇವತ್ತು ನಾನು ಹೇಳುವುದೆಲ್ಲ ಈ ಸಾಲಿನಲ್ಲೇ ಬರುತ್ತದೆ: ಮೊದಲು ಸ್ಥಳವನ್ನು ನೋಡಿ, ಆಮೇಲೆ ಬೇರೆ ಕಾರಣವನ್ನು ನೋಡಿ, ಬರೆದವರ ತಪ್ಪನ್ನು ಕೊನೆಯಲ್ಲಿ ನೋಡಿ.

ಅದಕ್ಕೂ ಮೊದಲು, ನಾವು ಬರೆಯುವುದು ಎಲ್ಲಿರುತ್ತದೆ ಎಂಬುದು ತಿಳಿದಿರಬೇಕು. ಪುಟ ತಿದ್ದಲು ತೆರೆದಾಗ, ಅದನ್ನು ಇಟ್ಟುಕೊಂಡಿರುವ ಕಂಪ್ಯೂಟರ್, ಅಂದರೆ ಸರ್ವರ್, ನಮಗೆ ಪುಟದ ಒಂದು ಪ್ರತಿಯನ್ನು ಕಳಿಸುತ್ತದೆ. ಆ ಪ್ರತಿ ನಮ್ಮ ಫೋನು ಅಥವಾ ಕಂಪ್ಯೂಟರಿನ ತಾತ್ಕಾಲಿಕ ನೆನಪಿನಲ್ಲಿ ಕೂತಿರುತ್ತದೆ. ನಾವು ತಿದ್ದುವುದೆಲ್ಲ ಆ ಪ್ರತಿಯನ್ನು. ಸೇವ್, ಅಪ್‌ಡೇಟ್, ಪ್ರಕಟಿಸಿ ಎಂಬ ಯಾವುದೋ ಒಂದು ಗುಂಡಿ ಒತ್ತಿ, ಬರಹ ಸರ್ವರಿಗೆ ಹೋಗಿ, ಸರ್ವರ್ ಅದನ್ನು ಒಪ್ಪಿಕೊಂಡು, ಒಪ್ಪಿದೆ ಎಂದು ತಿರುಗಿ ಹೇಳಿದರೆ ಮಾತ್ರ ಕೆಲಸ ಮುಗಿದಂತೆ. ಅಲ್ಲಿಯವರೆಗೆ ಅದು ಬರೆದು ಜೇಬಿನಲ್ಲೇ ಇಟ್ಟುಕೊಂಡ ಕಾಗದ. ಅಂಚೆ ಡಬ್ಬಿಗೆ ಬಿದ್ದಿಲ್ಲ. ಹೋಗುವುದು, ಒಪ್ಪುವುದು, ತಿರುಗಿ ಹೇಳುವುದು ಎಂಬ ಮೂರು ಹಂತಗಳಲ್ಲಿ ಯಾವುದು ತಪ್ಪಿದರೂ ನಮಗೆ ಕಾಣುವುದು ಒಂದೇ: ಬದಲಾವಣೆ ಉಳಿದಿಲ್ಲ. ಯಾವ ಹಂತ ತಪ್ಪಿತು ಎಂದು ತಿಳಿದರೆ ಅರ್ಧ ದುರಸ್ತಿ ಆದಂತೆಯೇ.

ಈಗ ಸ್ಥಳದ ಮಾತು. ಬರೆಯುತ್ತಿರುವಾಗ ಕರೆಂಟು ಹೋಗುತ್ತದೆ, ನೆಟ್ ನಿಲ್ಲುತ್ತದೆ, ಬ್ರೌಸರ್ ತಾನಾಗಿ ಮುಚ್ಚಿಕೊಳ್ಳುತ್ತದೆ. ನೆಟ್ ಹೋದಾಗ ಗುಂಡಿ ಒತ್ತಿದರೆ ಚಕ್ರ ತಿರುಗುತ್ತಲೇ ಇರುತ್ತದೆ, ಇಲ್ಲವೆ ಸಂಪರ್ಕ ಇಲ್ಲ ಎಂಬ ಸಂದೇಶ ಬರುತ್ತದೆ. ಆಗ ನಮ್ಮ ಕೈ ತಾನಾಗಿ ಹೋಗುವುದು ರಿಫ್ರೆಶ್ ಕಡೆಗೆ. ಅದನ್ನು ಮಾತ್ರ ಮಾಡಬೇಡಿ. ರಿಫ್ರೆಶ್ ಎಂದರೆ ಸರ್ವರಿನಿಂದ ಹಳೆಯ ಪ್ರತಿಯನ್ನು ಮತ್ತೆ ತರಿಸಿಕೊಳ್ಳುವುದು. ನೀವು ಬರೆದ ಹೊಸದು ಆಗ ನಿಜವಾಗಿಯೂ ಹೋಗಿಬಿಡಬಹುದು. ಟ್ಯಾಬ್ ಮುಚ್ಚದೆ, ಹಿಂದಕ್ಕೆ ಹೋಗದೆ, ಬರೆದದ್ದನ್ನೆಲ್ಲ ಆಯ್ದು ಕಾಪಿ ಮಾಡಿ. ಕಂಪ್ಯೂಟರಿನಲ್ಲಾದರೆ ಕಂಟ್ರೋಲ್ ಎ, ಆಮೇಲೆ ಕಂಟ್ರೋಲ್ ಸಿ. ಫೋನಿನಲ್ಲಾದರೆ ಬೆರಳು ಒತ್ತಿ ಹಿಡಿದು ಸೆಲೆಕ್ಟ್ ಆಲ್, ಕಾಪಿ. ಅದನ್ನು ನೋಟ್ಸಿನಲ್ಲಿ ಅಥವಾ ವಾಟ್ಸಾಪಿನಲ್ಲಿ ನಿಮಗೇ ನೀವು ಕಳಿಸಿಕೊಳ್ಳುವ ಸಂದೇಶದಲ್ಲಿ ಪೇಸ್ಟ್ ಮಾಡಿ. ಮುಂದಿನ ಯಾವ ಪ್ರಯೋಗ ಮಾಡುವುದಿದ್ದರೂ ಇದಾದ ಮೇಲೆ. ನೆಟ್ ಬಂದ ಮೇಲೆ ಅದೇ ಟ್ಯಾಬಿನಲ್ಲಿ ಮತ್ತೆ ಗುಂಡಿ ಒತ್ತಿದರೆ ಹೆಚ್ಚಿನ ಸಲ ಬರಹ ಸರ್ವರಿಗೆ ಹೋಗುತ್ತದೆ.

ಕರೆಂಟು ಹೋಗಿ ಯಂತ್ರವೇ ಆರಿದರೂ ಆಸೆ ಬಿಡಬೇಕಿಲ್ಲ. ಬ್ರೌಸರನ್ನು ಮತ್ತೆ ತೆರೆದು, ಮುಚ್ಚಿಹೋದ ಟ್ಯಾಬನ್ನು ಮರಳಿ ತರಿಸಿ. ಕಂಟ್ರೋಲ್, ಶಿಫ್ಟ್ ಮತ್ತು ಟಿ ಒಟ್ಟಿಗೆ ಒತ್ತಿದರೆ ಅದು ಬರುತ್ತದೆ. ವರ್ಡ್‌ಪ್ರೆಸ್‌ನಂಥ ತಂತ್ರಾಂಶದಲ್ಲಿ ಬರೆಯುತ್ತಿದ್ದರೆ ಅದು ಸುಮಾರು ನಿಮಿಷಕ್ಕೊಮ್ಮೆ ತಾನಾಗಿ ಒಂದು ಪ್ರತಿ ತೆಗೆದಿಡುತ್ತದೆ. ಪುಟವನ್ನು ಮತ್ತೆ ತಿದ್ದಲು ತೆರೆದಾಗ, ಇದಕ್ಕಿಂತ ಹೊಸದಾದ ಒಂದು ಪ್ರತಿ ಇದೆ, ನೋಡುತ್ತೀರಾ ಎಂದು ಮೇಲ್ಗಡೆ ಕೇಳುತ್ತದೆ. ಗಡಿಬಿಡಿಯಲ್ಲಿ ಆ ಸಾಲನ್ನು ಮುಚ್ಚಿಬಿಡುವವರು ಬಹಳ. ಓದಿ, ಒತ್ತಿ, ನೋಡಿ. ವಿಕಿಪೀಡಿಯದ ವಿಶುವಲ್ ಎಡಿಟರ್ ಕೂಡ ಉಳಿಸದ ಬದಲಾವಣೆಯನ್ನು ಬ್ರೌಸರಿನಲ್ಲಿ ಇಟ್ಟುಕೊಂಡು ಮರಳಿ ಕೊಡುವ ಪ್ರಯತ್ನ ಮಾಡುತ್ತದೆ. ಆದರೆ ಬ್ರೌಸರಿನೊಳಗೆ ಉಳಿದ ಪ್ರತಿ ಆ ಬ್ರೌಸರಿನಲ್ಲೇ ಸಿಗುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲಿ ಬರೆದದ್ದನ್ನು ಮನೆಗೆ ಹೋಗಿ ಫೋನಿನಲ್ಲಿ ಹುಡುಕಿದರೆ ಪ್ರಯೋಜನವಿಲ್ಲ. ಇನ್‌ಕಾಗ್ನಿಟೋ ಕಿಟಕಿಯಲ್ಲಿ ಬರೆದಿದ್ದರೆ, ಅದನ್ನು ಮುಚ್ಚಿದೊಡನೆ ಇಟ್ಟುಕೊಂಡದ್ದೆಲ್ಲ ಅಳಿಯುತ್ತದೆ.

ಫೋನಿನಲ್ಲಿ ಬರೆಯುವವರಿಗೆ ಇನ್ನೊಂದು ತೊಂದರೆ. ಅರ್ಧ ಬರೆದಿರುತ್ತೀರಿ, ನಡುವೆ ಒಂದು ಕರೆ ಬರುತ್ತದೆ, ಅಥವಾ ಒಂದು ಇಸವಿ ಖಚಿತ ಮಾಡಿಕೊಳ್ಳಲು ಬೇರೆ ಆ್ಯಪಿಗೆ ಹೋಗುತ್ತೀರಿ. ತಿರುಗಿ ಬಂದರೆ ಪುಟ ಹೊಸದಾಗಿ ತೆರೆದುಕೊಳ್ಳುತ್ತದೆ, ಬರೆದದ್ದು ಇರುವುದಿಲ್ಲ. ಅಲ್ಲಿ ನೀವು ಯಾವ ತಪ್ಪನ್ನೂ ಮಾಡಿಲ್ಲ. ನೆನಪಿನ ಜಾಗ ಸಾಲದಾದಾಗ ಫೋನು ಹಿಂದೆ ಉಳಿದ ಟ್ಯಾಬುಗಳನ್ನು ತಾನೇ ಖಾಲಿ ಮಾಡುತ್ತದೆ. ಕಡಿಮೆ ಬೆಲೆಯ ಫೋನಿನಲ್ಲಿ ಇದು ಹೆಚ್ಚು. ಆದ್ದರಿಂದ ಫೋನಿನಲ್ಲಿ ಬರೆಯುವವರು ನೋಟ್ಸಿನಲ್ಲಿ ಬರೆದು ಮುಗಿಸಿ, ಕೊನೆಗೆ ಪುಟಕ್ಕೆ ಪೇಸ್ಟ್ ಮಾಡುವುದೇ ಸರಿಯಾದ ಕ್ರಮ.

ಇನ್ನು ಎರಡನೆಯದು, ಬೇರೆ ಕಾರಣ. ಇಲ್ಲಿ ಬರಹ ಸರ್ವರಿಗೆ ಹೋಗಿರುತ್ತದೆ, ಸರ್ವರ್ ಒಪ್ಪಿರುವುದಿಲ್ಲ. ಬಹಳ ಸಲ ಆಗುವುದು ಲಾಗಿನ್ ಅವಧಿ ಮುಗಿಯುವುದು. ಪುಟ ತೆರೆದಿಟ್ಟು ಊಟಕ್ಕೆ ಹೋಗಿ, ಬಂದು ಬರೆದು ಮುಗಿಸಿ ಗುಂಡಿ ಒತ್ತುತ್ತೀರಿ. ಅಷ್ಟರಲ್ಲಿ ಸರ್ವರ್ ನಿಮ್ಮ ಗುರುತನ್ನು ಮರೆತಿರುತ್ತದೆ. ವಿಕಿಪೀಡಿಯದಲ್ಲಾದರೆ ಸೆಷನ್ ಮಾಹಿತಿ ಕಳೆದುಹೋಗಿದೆ ಎಂಬ ಸಂದೇಶ ಬರುತ್ತದೆ. ಗಾಬರಿ ಬೇಡ. ಬರಹ ಆ ಪೆಟ್ಟಿಗೆಯಲ್ಲೇ ಇರುತ್ತದೆ. ಮೊದಲು ಕಾಪಿ ಮಾಡಿ. ಇನ್ನೊಮ್ಮೆ ಗುಂಡಿ ಒತ್ತಿ. ಆಗದಿದ್ದರೆ ಬೇರೆ ಟ್ಯಾಬಿನಲ್ಲಿ ಲಾಗಿನ್ ಆಗಿ, ಹಳೆಯ ಟ್ಯಾಬಿಗೆ ಬಂದು ಮತ್ತೆ ಒತ್ತಿ.

ಇನ್ನೊಂದು ಕಾರಣ, ಒಂದೇ ಹೊತ್ತಿಗೆ ಇಬ್ಬರು ಬರೆಯುವುದು. ನೀವು ಮಸ್ಕಿಯ ಪುಟ ತಿದ್ದಲು ತೆರೆದ ಮೇಲೆ, ಬೇರೊಬ್ಬರು ಅದೇ ಪುಟವನ್ನು ತಿದ್ದಿ ನಿಮಗಿಂತ ಮೊದಲು ಉಳಿಸಿರುತ್ತಾರೆ. ಸಾಧ್ಯವಿದ್ದಲ್ಲಿ ವಿಕಿಪೀಡಿಯ ಎರಡನ್ನೂ ತಾನೇ ಕೂಡಿಸುತ್ತದೆ. ಒಂದೇ ಸಾಲನ್ನು ಇಬ್ಬರೂ ಮುಟ್ಟಿದ್ದರೆ ಸಂಘರ್ಷವಾಗಿದೆ ಎಂದು ನಿಲ್ಲುತ್ತದೆ. ಹಳೆಯ ಬಗೆಯ ಸಂಘರ್ಷದ ಪುಟದಲ್ಲಿ ಎರಡು ಪೆಟ್ಟಿಗೆ ಕಾಣುತ್ತವೆ: ಮೇಲಿನದು ಈಗ ಪುಟದಲ್ಲಿರುವ ಬರಹ, ಕೆಳಗಿನದು ನಿಮ್ಮದು. ಉಳಿಯುವುದು ಮೇಲಿನದು ಮಾತ್ರ. ಇದನ್ನು ಗಮನಿಸದೆ ಹಾಗೆಯೇ ಗುಂಡಿ ಒತ್ತಿ, ನನ್ನದು ಯಾರೋ ಅಳಿಸಿದರು ಎಂದು ಸಿಟ್ಟಾಗುವವರಿದ್ದಾರೆ. ಕೆಳಗಿನದರಿಂದ ನಿಮ್ಮ ಭಾಗವನ್ನು ಎತ್ತಿ ಮೇಲಿನದರಲ್ಲಿ ಸರಿಯಾದ ಜಾಗಕ್ಕೆ ಸೇರಿಸಬೇಕು. ಇಡೀ ಪುಟದ ಬದಲು ಒಂದೊಂದೇ ವಿಭಾಗವನ್ನು ತೆರೆದು ತಿದ್ದಿದರೆ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ. ಒಂದು ಮಾತು ನೆನಪಿರಲಿ: ಎರಡು ಟ್ಯಾಬಿನಲ್ಲಿ ಅದೇ ಪುಟವನ್ನು ತೆರೆದುಕೊಂಡು ಕೂತರೆ ನಿಮ್ಮ ಜೊತೆ ನೀವೇ ಜಗಳಕ್ಕೆ ಬೀಳಬಹುದು.

ಸರ್ವರ್ ಒಪ್ಪದಿರಲು ಸಣ್ಣ ಕಾರಣಗಳೂ ಇವೆ. ಹೊಸಬರು ಹೊರಗಿನ ಕೊಂಡಿ ಸೇರಿಸಿದಾಗ ವಿಕಿಪೀಡಿಯ ಕ್ಯಾಪ್ಚಾ ಕೇಳುತ್ತದೆ; ಓರೆಕೋರೆ ಅಕ್ಷರ ನೋಡಿ ತುಂಬಬೇಕಾಗಬಹುದು. ಆ ಪೆಟ್ಟಿಗೆ ಪುಟದ ಮೇಲ್ಗಡೆ ಇದ್ದು, ನೀವು ಕೆಳಗಡೆ ಇದ್ದರೆ, ಗುಂಡಿ ಕೆಲಸ ಮಾಡುತ್ತಿಲ್ಲ ಅನಿಸುತ್ತದೆ. ತುಂಬಲೇಬೇಕಾದ ಒಂದು ಜಾಗ ಖಾಲಿ ಬಿಟ್ಟಿದ್ದರೆ, ಹಾಕಿದ ಚಿತ್ರ ಮಿತಿಗಿಂತ ದೊಡ್ಡದಾಗಿದ್ದರೆ ಆಗುವುದೂ ಇದೇ. ಗುಂಡಿ ಒತ್ತಿದ ಮೇಲೆ ಏನೂ ಆಗದಿದ್ದರೆ ಪುಟವನ್ನು ಮೇಲಿನ ತುದಿಯವರೆಗೆ ಸರಿಸಿ, ಕೆಂಪು ಅಕ್ಷರದ ಸಾಲು ಇದೆಯೇ ನೋಡಿ.

ಬರಹ ಉಳಿದೂ ಕಾಣದಿರುವುದು ಇನ್ನೊಂದು ಬಗೆ. ಸರ್ವರ್ ಒಪ್ಪಿದೆ, ನಿಮ್ಮ ಬ್ರೌಸರ್ ಮಾತ್ರ ತಾನು ಮೊದಲು ಕೂಡಿಟ್ಟ ಹಳೆಯ ಪುಟವನ್ನೇ ತೋರಿಸುತ್ತಿದೆ. ನಡುವಿನ ಸರ್ವರುಗಳೂ ವೇಗಕ್ಕಾಗಿ ಹೀಗೆ ಹಳೆಯದನ್ನು ಇಟ್ಟುಕೊಂಡಿರುತ್ತವೆ. ಇದಕ್ಕೆ ಕ್ಯಾಶ್ ಎನ್ನುತ್ತಾರೆ. ಕಂಟ್ರೋಲ್, ಶಿಫ್ಟ್ ಮತ್ತು ಆರ್ ಒಟ್ಟಿಗೆ ಒತ್ತಿದರೆ ಬ್ರೌಸರ್ ಹೊಸದನ್ನು ತರಿಸುತ್ತದೆ. ಅಥವಾ ಬೇರೊಬ್ಬರ ಫೋನಿನಲ್ಲಿ ಪುಟ ತೆರೆದು ನೋಡಿ. ಡ್ರಾಫ್ಟ್ ಆಗಿ ಉಳಿಸಿ, ಪ್ರಕಟಿಸುವುದನ್ನು ಮರೆತಿದ್ದರೂ ಹೊರಗಿನವರಿಗೆ ಹಳೆಯದೇ ಕಾಣುತ್ತದೆ.

ಇಂಥ ಎಲ್ಲ ಅನುಮಾನಕ್ಕೂ ನಂಬಬಹುದಾದ ಸಾಕ್ಷಿ ಎಂದರೆ ಪುಟದ ಇತಿಹಾಸ. ವಿಕಿಪೀಡಿಯದ ಪ್ರತಿ ಪುಟಕ್ಕೂ ಅದು ಇದೆ. ವರ್ಡ್‌ಪ್ರೆಸ್‌ನಲ್ಲಿ ರಿವಿಷನ್ಸ್ ಎಂದಿರುತ್ತದೆ. ಯಾರು, ಯಾವಾಗ, ಏನು ಬದಲಿಸಿದರು ಎಂಬುದು ಅಲ್ಲಿ ಬರೆದಿರುತ್ತದೆ. ಕಲ್ಲಿನ ಬರಹದಲ್ಲೂ ಇಂಥ ಸಾಕ್ಷಿ ಇದೆ: ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕ ಶಾಸನಗಳ ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ಹೆಸರನ್ನು ಬರೆದಿಟ್ಟಿದ್ದಾನೆ. ಅದರಿಂದಲೇ ಆ ಮೂರೂ ಒಬ್ಬನ ಕೈಬರಹ ಎಂದು ನಮಗೆ ಗೊತ್ತಾಗುತ್ತದೆ. ಪುಟದ ಇತಿಹಾಸದಲ್ಲಿ ನಿಮ್ಮ ಹೆಸರು, ಹೊತ್ತು ಇದ್ದರೆ ಬರಹ ಉಳಿದಿದೆ. ಹೆಸರೇ ಇಲ್ಲದಿದ್ದರೆ ಅದು ಸರ್ವರಿನ ದಾಖಲೆಗೆ ಸೇರಿಲ್ಲ. ಹೆಸರಿದ್ದು, ಅದರ ಮೇಲೆ ಬೇರೊಬ್ಬರ ಹೆಸರಿದ್ದರೆ, ಅವರು ನಿಮ್ಮದನ್ನು ತಿರುಗಿಸಿರಬಹುದು. ಆಧಾರ ಕೊಡದೆ ಬರೆದದ್ದಕ್ಕೆ ವಿಕಿಪೀಡಿಯದಲ್ಲಿ ಹೀಗಾಗುತ್ತದೆ. ಅದಕ್ಕೆ ತಂತ್ರಾಂಶದ ದುರಸ್ತಿ ಬೇಕಿಲ್ಲ. ಪುಟದ ಚರ್ಚೆಯಲ್ಲಿ ಕೇಳಿ, ಆಧಾರ ಕೊಟ್ಟು ಮತ್ತೆ ಬರೆಯಬೇಕು. ನೀವು ಬರೆದ ಪ್ರತಿ ಇತಿಹಾಸದಲ್ಲಿ ಹಾಗೆಯೇ ಇರುವುದರಿಂದ ಎಲ್ಲವನ್ನೂ ಮತ್ತೆ ಟೈಪ್ ಮಾಡುವ ಕಷ್ಟವೂ ಇಲ್ಲ.

ಈಗ ಕೊನೆಗೆ ಲಿಪಿಕಾರನ ತಪ್ಪಿಗೆ ಬರೋಣ. ಇದೆ, ಇಲ್ಲ ಎನ್ನುವುದಿಲ್ಲ. ಮುನ್ನೋಟದ ಗುಂಡಿ ಒತ್ತಿ, ಪುಟ ಚೆಂದವಾಗಿ ಕಂಡಿತೆಂದು, ಉಳಿಯಿತು ಎಂದುಕೊಂಡು ಏಳುವವರಿದ್ದಾರೆ. ಮುನ್ನೋಟ ತೋರಿಸುತ್ತದೆ, ಉಳಿಸುವುದಿಲ್ಲ. ಪುಟ ಬಿಟ್ಟು ಹೋಗುವಾಗ, ನೀವು ಮಾಡಿದ ಬದಲಾವಣೆ ಉಳಿಯದಿರಬಹುದು, ಹೋಗುತ್ತೀರಾ, ಇರುತ್ತೀರಾ ಎಂದು ಬ್ರೌಸರ್ ಕೇಳುತ್ತದೆ. ಓದದೆ ಹೋಗುತ್ತೇನೆ ಎಂದು ಒತ್ತುವವರೇ ಹೆಚ್ಚು. ಅಲ್ಲಿ ಇರುತ್ತೇನೆ ಎಂದು ಹೇಳಿ, ಆಮೇಲೆ ನೋಡಿ. ಕೆಲವು ತಂತ್ರಾಂಶಗಳು ಉಳಿಸಿದ ಮೇಲೂ ಈ ಪ್ರಶ್ನೆ ಕೇಳುತ್ತವೆ. ಆಗ ಇನ್ನೊಂದು ಟ್ಯಾಬಿನಲ್ಲಿ ಪುಟದ ಇತಿಹಾಸ ನೋಡಿ ಖಚಿತ ಮಾಡಿಕೊಂಡರಾಯಿತು. ಇನ್ನು ಫೋನಿನ ಬ್ರೌಸರುಗಳಲ್ಲಿ ಈ ಎಚ್ಚರಿಕೆ ಯಾವಾಗಲೂ ಬರುತ್ತದೆ ಎಂಬ ಭರವಸೆಯಿಲ್ಲ.

ನಮ್ಮ ಕಡೆ ಕಾಣುವ ಇನ್ನೊಂದು ತಪ್ಪು ಅಕ್ಷರದ್ದು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತವನ್ನು ತಂದು ಪುಟದಲ್ಲಿ ಪೇಸ್ಟ್ ಮಾಡುತ್ತಾರೆ. ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ತುಂಬಿಕೊಳ್ಳುತ್ತವೆ, ಬರೆದದ್ದು ಕೆಟ್ಟುಹೋಯಿತು ಎಂದು ಅಳಿಸಿಬಿಡುತ್ತಾರೆ. ಅದು ಕೆಟ್ಟಿರುವುದಿಲ್ಲ. ಹಳೆಯ ಫಾಂಟಿನ ಸಂಕೇತ ಬೇರೆ, ವೆಬ್ ಪುಟಕ್ಕೆ ಬೇಕಾದ ಯೂನಿಕೋಡ್ ಬೇರೆ. ಪರಿವರ್ತಕ ತಂತ್ರಾಂಶದಲ್ಲಿ ಹಾಕಿ ಯೂನಿಕೋಡಿಗೆ ತಂದು, ಒತ್ತಕ್ಷರ, ಅರ್ಕಾವೊತ್ತುಗಳನ್ನು ಒಮ್ಮೆ ಕಣ್ಣಾಡಿಸಿ, ಆಮೇಲೆ ಪೇಸ್ಟ್ ಮಾಡಿದರೆ ಸರಿಹೋಗುತ್ತದೆ.

ಲಿಪಿಕಾರನದು ಎಂದು ನಾವು ತಿಳಿದ ತಪ್ಪು ಕೆಲವೊಮ್ಮೆ ತಂತ್ರಾಂಶ ಮಾಡಿದವರದೇ ಆಗಿರುತ್ತದೆ. ಬಹಳ ವರ್ಷ, ಬರೆಯುತ್ತಿರುವಾಗ ಕರ್ಸರ್ ಪೆಟ್ಟಿಗೆಯಿಂದ ಹೊರಗೆ ಸರಿದಿದ್ದು ಗೊತ್ತಾಗದೆ ಅಕ್ಷರ ಅಳಿಸಲು ಬ್ಯಾಕ್‌ಸ್ಪೇಸ್ ಒತ್ತಿದರೆ, ಬ್ರೌಸರ್ ಹಿಂದಿನ ಪುಟಕ್ಕೆ ಹಾರಿಬಿಡುತ್ತಿತ್ತು. ಬರೆದದ್ದೆಲ್ಲ ಹೋಗುತ್ತಿತ್ತು. ಒತ್ತಿದವರಿಗೆ ನಾವು ಬೈಯುತ್ತಿದ್ದೆವು. 2016ರಲ್ಲಿ ಕ್ರೋಮ್, 2021ರಲ್ಲಿ ಫೈರ್‌ಫಾಕ್ಸ್ ಆ ನಡವಳಿಕೆಯನ್ನು ಕೈಬಿಟ್ಟವು. ಜನರ ಬರಹ ಹೋಗುತ್ತಿದೆ ಎಂಬುದೇ ಅದಕ್ಕೆ ಅವರು ಕೊಟ್ಟ ಕಾರಣ. ಹಾಗಾದರೆ ಅಲ್ಲಿಯವರೆಗೆ ಬೈಸಿಕೊಂಡವರದು ಯಾವ ತಪ್ಪು?

ಹೋದದ್ದನ್ನು ಹುಡುಕುವುದಕ್ಕಿಂತ ಹೋಗದಂತೆ ನೋಡಿಕೊಳ್ಳುವುದು ಸುಲಭ. ಅದಕ್ಕೂ ಶಾಸನಗಳಲ್ಲೇ ದಾರಿಯಿದೆ. ಸನ್ನತಿಯ ಆ ಕಲ್ಲನ್ನು ಪೀಠಕ್ಕೆ ಬಳಸುವಾಗ ನಡುವೆ ತೂತು ಕೊರೆದರು. ಆ ಜಾಗದ ಅಕ್ಷರಗಳು ಹೋದವು. ಮಸ್ಕಿಯ ಬಂಡೆಯ ಮೇಲೂ ಅಲ್ಲಲ್ಲಿ ಅಕ್ಷರ ಅಳಿದಿವೆ. ಆದರೂ ವಿದ್ವಾಂಸರು ಅವನ್ನು ಓದಿದ್ದಾರೆ. ಮಸ್ಕಿಯ ಒಕ್ಕಣೆಯನ್ನು ಹೋಲುವ ಪಾಠಗಳು ಕೊಪ್ಪಳದ ಗವಿಮಠದಲ್ಲಿ, ಪಾಲ್ಕಿಗುಂಡಿನಲ್ಲಿ, ಬ್ರಹ್ಮಗಿರಿಯಲ್ಲಿ, ಮಧ್ಯಪ್ರದೇಶದ ರೂಪನಾಥದಲ್ಲಿ ಇವೆ. ಸನ್ನತಿಯದಕ್ಕೆ ಗಿರ್ನಾರ್, ಧೌಲಿ, ಜೌಗಡದ ಬಂಡೆಗಳು ನೆರವಾಗುತ್ತವೆ. ಇಲ್ಲಿ ಹೋದ ಅಕ್ಷರವನ್ನು ಅಲ್ಲಿಂದ ತುಂಬಿಸಿಕೊಳ್ಳಬಹುದು. ಒಂದೇ ಬಂಡೆಯನ್ನು ನಂಬಿದ್ದರೆ ಇದು ಆಗುತ್ತಿರಲಿಲ್ಲ. ಕಲ್ಲಿನ ಬರಹಕ್ಕೇ ಎರಡನೆಯ ಪ್ರತಿ ಬೇಕಾದರೆ, ಬ್ರೌಸರಿನ ಪೆಟ್ಟಿಗೆಯ ಬರಹಕ್ಕೆ ಹೇಳಬೇಕೆ?

ಆದ್ದರಿಂದ ದೊಡ್ಡ ಬರಹವನ್ನು ಪುಟದ ಪೆಟ್ಟಿಗೆಯಲ್ಲಿ ಮೊದಲಿಂದ ಬರೆಯಬೇಡಿ. ಬೇರೆ ಕಡತದಲ್ಲಿ ಬರೆದು, ಅಲ್ಲಿ ಉಳಿಸಿ, ಅಲ್ಲಿಂದ ತನ್ನಿ. ಗುಂಡಿ ಒತ್ತುವ ಮುಂಚೆ ಕಾಪಿ ಮಾಡುವುದು ಕೈಗೆ ರೂಢಿಯಾಗಲಿ. ಒಂದೊಂದು ವಿಭಾಗ ಮುಗಿದಂತೆ ಉಳಿಸಿ. ಏಳುವ ಮೊದಲು ಇತಿಹಾಸದಲ್ಲಿ ನಿಮ್ಮ ಹೆಸರು ಬಂದಿದೆಯೇ ನೋಡಿ. ಸಂಘದ ಪುಟವನ್ನು ಇಬ್ಬರು ನೋಡಿಕೊಳ್ಳುತ್ತಿದ್ದರೆ, ಯಾರು ಯಾವಾಗ ತಿದ್ದುತ್ತಾರೆ ಎಂದು ಮೊದಲೇ ಮಾತಾಡಿಕೊಳ್ಳಿ.

ಇಷ್ಟಾದರೂ ಬಗೆಹರಿಯದಿದ್ದರೆ ತಿಳಿದವರನ್ನು ಕೇಳಬೇಕು. ಕೇಳುವ ರೀತಿಯೊಂದಿದೆ. "ಏನೋ ಎರರ್ ಬಂತ್ರೀ" ಎಂದರೆ ಎಂಥ ಜಾಣರಿಗೂ ಏನೂ ಮಾಡಲಾಗದು. ಪರದೆಯ ಮೇಲಿನ ಸಂದೇಶವನ್ನು ಫೋಟೊ ತೆಗೆದುಕೊಳ್ಳಿ. ಯಾವ ಪುಟ, ಯಾವ ಬ್ರೌಸರ್, ಎಷ್ಟು ಹೊತ್ತಿಗೆ ಆಯಿತು, ಅದಕ್ಕೆ ಮುಂಚೆ ಯಾವ ಗುಂಡಿ ಒತ್ತಿದಿರಿ, ಬೇರೆ ಫೋನಿನಲ್ಲಿ ಏನು ಕಾಣುತ್ತದೆ, ಇಷ್ಟನ್ನು ಬರೆದುಕೊಂಡು ಹೇಳಿ. ಕೇಳಲು ಬಂದವರಿಗೆ ಉತ್ತರ ಹೇಳುವವರಲ್ಲೂ ಒಂದು ಕೋರಿಕೆ. ಸೇವ್ ಮಾಡಿದ್ದಿಲ್ಲೇನು ಎಂಬ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲ ಪ್ರಶ್ನೆ, "ಆ ಟ್ಯಾಬು ಇನ್ನೂ ತೆರೆದೇ ಐತೇನು?" ಎಂದಿರಲಿ.